ಡಾಕ್ಯುಮೆಂಟರಿ ಶೂಟಿಂಗ್: ಏಳು ಗಂಟೆಯ ಕರೆ ಬರದಿದ್ದರೆ ಯಾರು ಏನು ಮಾಡಬೇಕು?

ಡಾಕ್ಯುಮೆಂಟರಿ ಮಾಡಲು ಮಲೆನಾಡಿಗೆ ಹೊರಡುವ ಹುಡುಗರ ತಂಡಗಳು ಬ್ಯಾಟರಿ, ಲೆನ್ಸ್, ಮೈಕು ಎಲ್ಲವನ್ನೂ ಎಣಿಸಿ ತುಂಬಿಕೊಳ್ಳುತ್ತವೆ. ಮನೆಯವರಿಗೆ ಮಾತ್ರ "ನೆಟ್‌ವರ್ಕ್ ಸಿಕ್ಕಾಗ ಫೋನ್ ಮಾಡ್ತೀವಿ" ಎಂದಷ್ಟೇ ಹೇಳಿ ಹೋಗುತ್ತವೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಈ ಬರಹ.

ಮೊದಲು ಅಪಾಯಗಳನ್ನು ಊರಿನ ಹೆಸರು ಹಿಡಿದು ಬರೆಯಿರಿ. "ಕಾಡುಪ್ರಾಣಿಗಳ ಭಯ" ಎಂದು ಗೀಚಿದರೆ ಉಪಯೋಗವಿಲ್ಲ. ಸಕಲೇಶಪುರ, ಆಲೂರಿನ ಕಾಫಿ ತೋಟವಾದರೆ ಆನೆ. ಅಲ್ಲಿ ಆನೆಗಳ ಓಡಾಟ ತಿಳಿಸುವ ವಾಟ್ಸ್‌ಆಪ್ ಗುಂಪುಗಳಿವೆ. ಹೋಗುವ ಮೊದಲೇ ಸೇರಿಕೊಳ್ಳಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ದಾರಿ ನಡೆಯಬೇಡಿ, ಬೆಳಕು ಎಷ್ಟೇ ಚೆನ್ನಾಗಿರಲಿ. ಬೇಸಿಗೆಯಲ್ಲಿ ಸೊರಬ, ಸಾಗರ, ತೀರ್ಥಹಳ್ಳಿ ಕಡೆಗಾದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗನ ಕ್ಲೋಸಪ್ ನಿಮಗೆ ಬೇಡ.

ವಿಮೆ, ಅರಣ್ಯ ಇಲಾಖೆಯ ಅನುಮತಿ, ಔಷಧಿ ಪೆಟ್ಟಿಗೆ: ಇವೆಲ್ಲ ಹೊರಡುವ ಮೊದಲೇ ಮುಗಿದಿರಲಿ. ಹಾವಿನ ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಖಂಡಿತ ಬೇಡ.

ಈಗ ಎಲ್ಲರೂ ಕೆಡಿಸುವ ಕೆಲಸಕ್ಕೆ ಬರೋಣ. ನಿಮ್ಮ ಕರೆಗೆ ಕಾಯಲೆಂದೇ ಊರಲ್ಲೇ ಉಳಿಯುವ ಒಬ್ಬರನ್ನು ಗೊತ್ತು ಮಾಡಿ. ಗಾಬರಿಯಾಗುವ ಅಪ್ಪ ಅಮ್ಮ ಬೇಡ. ಠಾಣೆಗೆ ಫೋನ್ ಮಾಡಿ ನಿಧಾನವಾಗಿ, ಸ್ಪಷ್ಟವಾಗಿ ವಿಷಯ ಹೇಳಬಲ್ಲ ಸ್ನೇಹಿತರು ಬೇಕು. ಅವರ ಕೈಯಲ್ಲಿ ಒಂದು ಹಾಳೆ ಇರಲಿ: ಎಲ್ಲರ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಗಾಡಿ ನಂಬರು, ಹೋಗುವ ದಾರಿ, ಉಳಿಯುವ ಮನೆ, ಆ ಊರಿನ ಪರಿಚಯಸ್ಥರ ನಂಬರು, ಹತ್ತಿರದ ಠಾಣೆಯ ನಂಬರು. ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲೂ.

ಅವರಿಗೆ ಕರೆ ಮಾಡಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ, ಮಧ್ಯಾಹ್ನ ಒಂದು ಮತ್ತು ಸಂಜೆ ಏಳು ಎಂದಿಟ್ಟುಕೊಳ್ಳಿ. ಜಾಗ ನೋಡಲು ಹೋದಾಗಲೇ ಯಾವ ತಿರುವಿನಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ ಎಂದು ಬರೆದುಕೊಂಡಿದ್ದರೆ, ಏಳಕ್ಕೆ ಅಲ್ಲಿರುವಂತೆ ಆರಕ್ಕೇ ಶೂಟಿಂಗ್ ನಿಲ್ಲಿಸಬಹುದು. ಕರೆ ಬರದಿದ್ದರೆ? ಏಳೂವರೆಯವರೆಗೆ ಎಲ್ಲರ ನಂಬರಿಗೂ ಪ್ರಯತ್ನ. ಎಂಟಕ್ಕೆ ಶೂಟಿಂಗ್ ನಡೆಯುವ ಊರಿನ ಪರಿಚಯಸ್ಥರಿಗೆ ಕರೆ. ಒಂಬತ್ತಕ್ಕೆ ಠಾಣೆಗೆ, ಇಲ್ಲವೇ 112ಕ್ಕೆ. ಇದನ್ನು ಹಾಳೆಯಲ್ಲೇ ಬರೆದಿಡಿ, ಆ ಹೊತ್ತಿಗೆ "ಇನ್ನೊಂದು ಗಂಟೆ ನೋಡೋಣ" ಅನ್ನುವ ಮಾತು ಬರಬಾರದು. ಗಾಡಿ ಪಂಕ್ಚರಾಗಿ ತಡವಾಗಿತ್ತು ಅಷ್ಟೇ ಎಂದು ಆಮೇಲೆ ಗೊತ್ತಾದರೂ ಪೊಲೀಸರಿಗೆ ತಿಳಿಸಿದವರ ಮೇಲೆ ರೇಗಬೇಡಿ. ಒಮ್ಮೆ ರೇಗಿದರೆ ಮುಂದಿನ ಸಲ ಅವರು ಹಿಂಜರಿಯುತ್ತಾರೆ.

ಮರಳು ದಂಧೆಯಂಥ ವಿಷಯವಾದರೆ ಒಂದು ಗುಟ್ಟಿನ ಮಾತೂ ಬೇಕು. "ಅಜ್ಜಿಗೆ ಮಾತ್ರೆ ತಂದುಕೊಟ್ರಾ?" ಎಂದು ಕರೆಯಲ್ಲಿ ನೀವು ಕೇಳಿದರೆ, ನಿಮ್ಮ ಪಕ್ಕದಲ್ಲಿ ಯಾರೋ ಬೆದರಿಸುತ್ತಿದ್ದಾರೆ ಎಂದು ಊರಲ್ಲಿರುವ ಆ ಸ್ನೇಹಿತರಿಗೆ ತಿಳಿಯಬೇಕು.

ಲೈವ್ ಲೊಕೇಶನ್ ಹಾಕಿದ್ದೇವೆ, ಸಾಕು ಎನ್ನುವವರಿದ್ದಾರೆ. ಸಾಲದು. ಸಿಗ್ನಲ್ ಹೋದ ಕೂಡಲೇ ಅದು ಹಳೆಯ ಜಾಗದಲ್ಲೇ ನಿಲ್ಲುತ್ತದೆ. ವಿದೇಶದಿಂದ ಯಾರೋ ತಂದುಕೊಟ್ಟ ಸ್ಯಾಟಲೈಟ್ ಫೋನನ್ನಂತೂ ಮುಟ್ಟಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಬಳಸಿದರೆ ನೀವೇ ಠಾಣೆಯಲ್ಲಿ ಕೂರುತ್ತೀರಿ.

ದಿನದ ಕೊನೆಗೆ ಕಾರ್ಡಿನಲ್ಲಿರುವುದನ್ನು ಎರಡು ಡಿಸ್ಕಿಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಚೀಲದಲ್ಲಿಡಿ. ಡಿಸ್ಕಿಗೆ ಪಾಸ್‌ವರ್ಡ್ ಇರಲಿ.

ನೀವು ಬೆಂಗಳೂರಿಗೆ ಬಂದ ಮೇಲೂ ನಿಮ್ಮ ಮುಂದೆ ಮಾತಾಡಿದವರು ಅಲ್ಲೇ ಇರುತ್ತಾರೆ. ಮೊಬೈಲ್ ಆಪಿನಲ್ಲಿ ಮುಖ ಮಸುಕು ಮಾಡಿದರೆ ಸಾಕೆಂದುಕೊಳ್ಳಬೇಡಿ. ದನಿ, ಕೈಯ ಹಚ್ಚೆ, ಹಿಂದೆ ಕಾಣುವ ಬೈಕಿನ ನಂಬರು, ಮನೆಯ ಬಾಗಿಲು ನೋಡಿಯೇ ಊರವರು ಗುರುತು ಹಿಡಿಯುತ್ತಾರೆ. ಗುರುತು ಸಿಕ್ಕರೆ ತೊಂದರೆಯಾಗುವವರ ಮುಖವನ್ನು ಮೊದಲಿನಿಂದಲೇ ಚಿತ್ರೀಕರಿಸಬೇಡಿ, ಬೆನ್ನು ಅಥವಾ ಕೈ ಸಾಕು. ಅವರ ಹೆಸರು, ನಂಬರನ್ನು ಕಾಲ್ ಶೀಟಿನಲ್ಲಿ, ಅಂದರೆ ತಂಡಕ್ಕೆಲ್ಲ ಹಂಚುವ ದಿನದ ಶೂಟಿಂಗ್ ಪಟ್ಟಿಯಲ್ಲಿ, ಬರೆಯಬೇಡಿ. ಚಿತ್ರ ತೋರಿಸುವ ಮೊದಲು ಫೋನ್ ಮಾಡಿ, ಯಾವತ್ತು, ಎಲ್ಲಿ ತೋರಿಸುತ್ತೀರಿ ಎಂದು ತಿಳಿಸಿ. ಬೇಡ ಎಂದರೆ ಆ ಭಾಗ ತೆಗೆದುಹಾಕಿ.