ಬೆಂಗಳೂರಿಗೆ ಮೊದಲು ಹೋಗೋದು ನಟನ ಫೋಟೋ

ಬೆಂಗಳೂರಿನಲ್ಲೇ ಇರುವ ನಟ ಆಡಿಷನ್ ಇದೆ ಅಂತ ಗೊತ್ತಾದರೆ ಬಸ್ ಹತ್ತಿ ಹೋಗಿ ಎದುರಿಗೆ ನಿಲ್ಲಬಹುದು. ಧಾರವಾಡದವರಿಗೆ ಅದು 400 ಕಿಲೋಮೀಟರಿಗೂ ಹೆಚ್ಚಿನ ದಾರಿ, ರಾತ್ರಿಯಿಡೀ ಪ್ರಯಾಣ, ಮೇಲೆ ಕೆಲಸಕ್ಕೆ ರಜೆ. ಹಾಗಾಗಿ ಇಲ್ಲಿಂದ ಮೊದಲು ಹೋಗುವುದು ಫೋಟೋ. ಅದನ್ನು ನೋಡಿ ‘ಇವರನ್ನ ಕರೆಸಿ’ ಅಂದರೆ ಮಾತ್ರ ನಟ ಹೊರಡುವುದು. ಅಷ್ಟು ಭಾರ ಹೊರುವ ಫೋಟೋವನ್ನು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ಕಳಿಸುವುದನ್ನು ನೋಡಿ ನೋಡಿ ಸಂಕಟವಾಗಿ, ಮದುವೆ ಸೀಸನ್ನಿನ ನಡುವೆಯೂ ನಾನು ನಟರ ಹೆಡ್‌ಶಾಟ್, ಅಂದರೆ ಪಾತ್ರಕ್ಕೆ ಆರಿಸುವವರಿಗೆ ಕಳಿಸುವ ಮುಖದ ಫೋಟೋ, ತೆಗೆಯುವ ಕೆಲಸ ಹಿಡಿದೆ.

ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ರಂಗನಟ ಏಣಗಿ ಬಾಳಪ್ಪನವರು ನೆಲೆಸಿದ್ದು ಧಾರವಾಡದಲ್ಲಿ. ಕಂಪನಿ ನಾಟಕದ ಈ ನೆಲದಲ್ಲಿ ನಟನ ಫೋಟೋ ಎಂದರೆ ವೇಷದ ಫೋಟೋ: ಕಿರೀಟ, ಬಣ್ಣ, ಹುರಿ ಮೀಸೆ. ನನ್ನ ಹತ್ತಿರ ಬರುವವರೂ ಮೊದಲು ತೋರಿಸುವುದು ಅದನ್ನೇ. ಅದು ಚೆಂದದ ಫೋಟೋ, ಮನೆಯ ಗೋಡೆಯ ಮೇಲೆ ಇರಬೇಕಾದದ್ದು. ಆದರೆ ಪಾತ್ರ ಹಂಚುವವರು ಹುಡುಕುವುದು ಮುಂದೆ ಯಾವ ಪಾತ್ರ ಕೂರಬಹುದು ಎಂಬುದನ್ನು. ಈಗಾಗಲೇ ದುರ್ಯೋಧನ ಕೂತಿರುವ ಮುಖದಲ್ಲಿ ಅವರಿಗೆ ಪೋಸ್ಟ್‌ಮನ್ ಕಾಣುವುದಿಲ್ಲ.

ನನ್ನದು ದೊಡ್ಡ ಸ್ಟುಡಿಯೋ ಅಲ್ಲ. ಹಳೇ ಹೆಂಚಿನ ಮನೆಯ ಪಡಸಾಲೆ, ಉತ್ತರಕ್ಕೊಂದು ಕಿಟಕಿ. ಉತ್ತರದ ಬೆಳಕು ಮೆತ್ತಗೆ, ದಿನವಿಡೀ ಹೆಚ್ಚು ಬದಲಾಗದು ಅಂತ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಅದು ವರ್ಷಪೂರ್ತಿ ನಿಜವಲ್ಲ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳಲ್ಲಿ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟುತ್ತೇನೆ. ಮಳೆ ಹಿಡಿದ ಮೇಲೆ ಅದೂ ಬೇಡ. ಜಿಟಿಜಿಟಿ ಮಳೆಯ ಧಾರವಾಡದ ಮೋಡಕ್ಕಿಂತ ಒಳ್ಳೆಯ ಲೈಟನ್ನು ನಾನು ದುಡ್ಡು ಕೊಟ್ಟು ಕೊಂಡಿಲ್ಲ. ಮುಖದ ನೆರಳಿನ ಬದಿಗೆ ಬೆಳಕು ತಿರುಗಿಸಲು ಒಂದು ಥರ್ಮಾಕೋಲ್ ಹಲಗೆ, ಹಿಂದೆ ಬೂದು ಬಣ್ಣದ ಬಟ್ಟೆ, ಅಷ್ಟೇ. ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ ಕಿಟಕಿಯ ಬಿಳಿ ಚುಕ್ಕೆ ಕಂಡರೆ ಕಣ್ಣಿಗೆ ಜೀವ ಬಂತು ಅಂತ ಲೆಕ್ಕ. ಆ ಚುಕ್ಕೆ ಕಾಣುವ ತನಕ ಕುರ್ಚಿ ಸರಿಸುತ್ತಲೇ ಇರುತ್ತೇನೆ.

ಲೆನ್ಸ್ 85 ಎಂ.ಎಂ., ನಾನು ನಿಲ್ಲುವುದು ಆರೇಳು ಅಡಿ ದೂರ. ಮೊಬೈಲಿನಲ್ಲಿ ತೆಗೆಯುವವರಿಗೂ ಇದನ್ನೇ ಹೇಳುತ್ತೇನೆ: ಮುಖದ ಹತ್ತಿರ ಹೋಗಬೇಡಿ, ಆರು ಅಡಿ ಹಿಂದೆ ನಿಂತು 2ಎಕ್ಸ್ ಜೂಮ್ ಒತ್ತಿ. ಎರಡಡಿಯಿಂದ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದಕ್ಕೆ ಸರಿಯುತ್ತದೆ, ಅದು ಆ ಮನುಷ್ಯನ ಮುಖವೇ ಅಲ್ಲ.

ಇಷ್ಟು ಯಾರಾದರೂ ಕಲಿಯಬಹುದು. ಕಷ್ಟದ ಕೆಲಸ ಆಮೇಲೆ ಶುರುವಾಗುತ್ತದೆ. ನಮ್ಮ ರಂಗನಟರು ಕೊನೆಯ ಸಾಲಿನ ಅಜ್ಜಿಗೂ ಕಾಣುವಂತೆ ಹುಬ್ಬು ಎತ್ತಿ, ಕಣ್ಣು ಅರಳಿಸಿ ಬೆಳೆದವರು. ಕ್ಯಾಮರಾ ಕಂಡ ಕೂಡಲೇ ಆ ಮುಖ ತಾನಾಗಿ ಎದ್ದು ನಿಲ್ಲುತ್ತದೆ. ‘ಸಹಜವಾಗಿರ್ರಿ’ ಅಂದರೆ ಇನ್ನೂ ಬಿಗಿಯುತ್ತಾರೆ. ಅದಕ್ಕೆ ನಾನು ಮುಖದ ಮಾತೇ ಎತ್ತುವುದಿಲ್ಲ. ‘ಅಣ್ಣಾರ, ನಿಮಗ ಬಾಯಿಪಾಠ ಇರೋ ಒಂದು ಮಾತು ಮನಸಿನ್ಯಾಗ ಅನ್ಕೋರಿ. ತುಟಿ ಅಲುಗಸಬ್ಯಾಡ್ರಿ. ಎದುರಿಗಿನವರು ಏನು ಉತ್ತರ ಕೊಡ್ತಾರ ಅಂತ ಕೇಳಿಸ್ಕೋರಿ’ ಅನ್ನುತ್ತೇನೆ. ಆಡುವ ಮಾತಿನಲ್ಲಿ ನಟ ಇರುತ್ತಾನೆ, ಕೇಳುವ ಮೌನದಲ್ಲಿ ಮನುಷ್ಯ ಸಿಗುತ್ತಾನೆ. ಕ್ಲಿಕ್ ಮಾಡುವುದು ಆಗ.

ಬಯಲಾಟದಲ್ಲಿ ರಾಕ್ಷಸನ ವೇಷ ಹಾಕುವ ಹಿರಿಯರೊಬ್ಬರು ಹಾವೇರಿ ಕಡೆಯಿಂದ ಬಂದಿದ್ದರು. ಬಹಳ ಹೊತ್ತು ಅವರ ಕಣ್ಣಿನಲ್ಲಿ ರಾಕ್ಷಸನೇ ಕೂತಿದ್ದ. ಕೊನೆಗೆ ಕ್ಯಾಮರಾ ಕೆಳಗಿಟ್ಟು ಈ ಸಲ ಮೆಣಸಿನಕಾಯಿ ಹೆಂಗ ಬಂದೈತ್ರಿ ಅಂತ ಕೇಳಿದೆ. ಮಳೆ ಕೈಕೊಟ್ಟ ಕತೆ ಹೇಳಿ, ಬ್ಯಾಡಗಿ ಮಾರ್ಕೆಟ್ಟಿನ ರೇಟು ನೆನಸುತ್ತ ಸುಮ್ಮನಾದರು. ಆ ಸುಮ್ಮನಿದ್ದ ಗಳಿಗೆಯ ಫೋಟೋ ನೋಡಿದರೆ ಯಾವ ನಿರ್ದೇಶಕನಿಗೂ ಅವರಲ್ಲಿ ಒಬ್ಬ ತಂದೆ, ಒಬ್ಬ ಸಾಲಗಾರ, ಒಬ್ಬ ಊರ ಗೌಡ ಕಾಣುತ್ತಾನೆ.

ಬಟ್ಟೆ ಸಾದಾ ಇರಲಿ. ಸಣ್ಣ ಚೌಕಡಿಯ ಅಂಗಿ ಪರದೆ ಮೇಲೆ ಅಲೆಯಲೆಯಾಗಿ ಕುಣಿಯುತ್ತದೆ. ಬಿಳಿ ಜುಬ್ಬಾ ತೊಟ್ಟರೆ ಕ್ಯಾಮರಾ ಆ ಬಿಳಿಯನ್ನು ಲೆಕ್ಕ ಹಾಕಿ ಮುಖವನ್ನು ಕಪ್ಪಾಗಿಸುತ್ತದೆ, ಆಮೇಲೆ ಎಡಿಟಿಂಗಿನಲ್ಲಿ ಮುಖಕ್ಕೆ ಸುಣ್ಣ ಬಳಿಯುತ್ತಾರೆ. ಮೈಬಣ್ಣದ ವಿಷಯದಲ್ಲಿ ನಾನು ಒಂದಿಷ್ಟೂ ಬಗ್ಗುವುದಿಲ್ಲ. ಹುಡುಗಿಯೊಬ್ಬಳು ‘ಅಣ್ಣಾ, ಸ್ವಲ್ಪ ಬೆಳ್ಳಗ ಮಾಡ್ರಿ’ ಅಂದಾಗ ಹೊಟ್ಟೆ ಚುರ್ ಅನ್ನುತ್ತದೆ. ‘ಯವ್ವಾ, ಬೆಳ್ಳಗಿನ ಹುಡುಗಿ ಬೇಕು ಅಂತ ಕರದ್ರ, ಅಲ್ಲಿಗೆ ಹೋಗಾಕಿ ನೀನಲ್ಲ’ ಅಂತ ಕೂರಿಸಿ ತಿಳಿಸಿ ಹೇಳುತ್ತೇನೆ. ಅವಳ ಬಣ್ಣ ಇದ್ದಂತೆಯೇ ಹೊಳೆಯುವ ಹಾಗೆ ಬೆಳಕು ಕೊಡುವುದು ನನ್ನ ಹೊಣೆ. ನಾಳೆ ಮಾಯುವ ಮೊಡವೆ ಅಳಿಸುತ್ತೇನೆ. ಮಚ್ಚೆ, ಸಿಡುಬಿನ ಕಲೆ, ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಮುಟ್ಟುವುದಿಲ್ಲ.

ಆರಿಸುವಾಗ ನಟರು ತಾವು ಚೆಂದ ಕಾಣುವುದನ್ನು ಹಿಡಿಯುತ್ತಾರೆ, ಮನೆಯವರು ನಗುವುದನ್ನು. ಅವರ ತಂಡದ ನಿರ್ದೇಶಕರಿಗೆ ತೋರಿಸಿ ಅನ್ನುತ್ತೇನೆ. ಕೊಡುವುದು ನಗುವಿದ್ದದ್ದೊಂದು, ಇಲ್ಲದ್ದೊಂದು, ಎರಡೂ ಪಕ್ಕದಿಂದ ತೆಗೆದದ್ದು, ತಲೆಯಿಂದ ಕಾಲಿನ ತನಕ ನಿಂತದ್ದು. 8×10 ಇಂಚಿನ ಪ್ರಿಂಟಿಗೆ 2400×3000 ಪಿಕ್ಸೆಲ್ ಇದ್ದರೆ ಸಾಕು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಫೈಲಿನ ಹೆಸರು ಕ್ಯಾಮರಾ ಕೊಟ್ಟ ನಂಬರಾಗಿ ಉಳಿಯದೆ ನಿಮ್ಮ ಹೆಸರು, ಊರು, ಎತ್ತರ ಹೇಳಲಿ.

ಗಡ್ಡ ಬಿಟ್ಟರೂ, ತೆಗೆದರೂ, ಮೈ ಇಳಿದರೂ ಮತ್ತೆ ಬನ್ನಿ. ಬರುವ ಮುಂಚೆ ಫೋನ್ ಮಾಡಿದವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಕಟಿಂಗ್ ಹಿಂದಿನ ದಿನ ಬೇಡ, ವಾರ ಮೊದಲೇ ಮಾಡಿಸಿಕೊಳ್ಳಿ. ಹೊಸದಾಗಿ ಕತ್ತರಿಸಿದ ಕೂದಲು ಕಿವಿಯ ಸುತ್ತ ಗೆರೆ ಎಳೆದ ಹಾಗೆ ಕಾಣುತ್ತದೆ.