ಯಾವ ಬಾಗಿಲಿಂದ ಒಳಗೆ ಬಂದ್ರಿ?

ನಾನು ನರ್ಸಿಂಗ್ ಕಲಿತದ್ದು ಬೆಂಗಳೂರಲ್ಲಿ. ಕೆಲಸ ದಕ್ಷಿಣ ಲಂಡನ್ನಿನ ಒಂದು ಮಾನಸಿಕ ಆರೋಗ್ಯದ ವಾರ್ಡಿನಲ್ಲಿ. ಇಲ್ಲಿ 'ಸೆಕ್ಷನ್ ಆಗೋದು' ಅಂತ ಒಂದು ಮಾತಿದೆ. 1983ರ ಮಾನಸಿಕ ಆರೋಗ್ಯ ಕಾಯ್ದೆಯ ಕೆಳಗೆ, ಒಪ್ಪಿಗೆ ಇರಲಿ ಬಿಡಲಿ, ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು. ಎರಡನೇ ಸೆಕ್ಷನ್ ಆದರೆ 28 ದಿನದವರೆಗೆ, ಮೂರನೆಯದಾದರೆ ಮೊದಲ ಸಲ ಆರು ತಿಂಗಳವರೆಗೆ. ಹೀಗೆ ಬಂದವರಲ್ಲಿ ಕಪ್ಪು ಜನರೇ ಜಾಸ್ತಿ ಅನ್ನುವುದು ರಾತ್ರಿ ಪಾಳಿಯಲ್ಲಿ ಯಾರಿಗಾದರೂ ಕಾಣುತ್ತದೆ. ಇಂಗ್ಲೆಂಡಿನ ಸರ್ಕಾರಿ ಲೆಕ್ಕದಲ್ಲೂ, ಜನಸಂಖ್ಯೆಗೆ ಹೋಲಿಸಿದರೆ ಅವರೇ ಜಾಸ್ತಿ. 2022-23ರಲ್ಲಿ ಒಂದು ಲಕ್ಷ ಕಪ್ಪು ಜನರಿಗೆ ಸುಮಾರು 228 ಸೆಕ್ಷನ್, ಬಿಳಿಯರಿಗೆ 64. ಮೂರೂವರೆ ಪಟ್ಟು.

ಇದು ಯಾಕೆ ಹೀಗೆ ಅಂತ ತಿಳಿಯಲು ಒಂದು ಸಣ್ಣ ಸಂಶೋಧನಾ ತಂಡ ಸೇರಿದೆ. ಮೊದಲ ಪ್ರಶ್ನಾವಳಿ ಬರೆದವಳು ನಾನೇ. 'ಚಿಕಿತ್ಸೆಗೆ ಬರಲು ತಡ ಮಾಡಿದ್ದು ಏಕೆ?' ಅದರ ಮೊದಲ ಪ್ರಶ್ನೆ. ಬ್ರಿಕ್ಸ್‌ಟನ್ನಿನ ಒಂದು ಕ್ಷೌರದಂಗಡಿಯಲ್ಲಿ, ಒಂದು ಚರ್ಚಿನ ಹಾಲಿನಲ್ಲಿ ಕಟ್ಟುಗಟ್ಟಲೆ ಇಟ್ಟು ಬಂದೆ. ಮೂರು ವಾರ ಬಿಟ್ಟು ಹೋದರೆ ತುಂಬಿದ್ದು ಬೆರಳೆಣಿಕೆಯಷ್ಟು. ಒಂದು ಹಾಳೆಯ ಹಿಂದೆ ಯಾವುದೋ ಮಗು ಆನೆ ಬರೆದಿತ್ತು.

ಚರ್ಚಿನಲ್ಲಿ ಜಮೈಕಾದಿಂದ ಬಂದು ನೆಲೆಸಿದ ಒಬ್ಬ ಅಜ್ಜಿ ಇದ್ದರು. ಮಗನನ್ನು ವಾರ್ಡಿನಲ್ಲಿ ನೋಡಿಕೊಂಡು ಸಾಕಾದವರು. 'ಹಿಂದಿನ ಸಲ ಕೇಳಿಕೊಂಡು ಹೋದವರು ಏನು ಮಾಡಿದರು?' ಅಂದರು. ಅವರು ಸುಮ್ನೆ ಕೇಳಿದ್ದಲ್ಲ. 2005ರಿಂದ 2010ರವರೆಗೆ ವರ್ಷವರ್ಷವೂ 'ಕೌಂಟ್ ಮಿ ಇನ್' ಅಂತ ವಾರ್ಡುಗಳಲ್ಲಿ ರೋಗಿಗಳ ಗಣತಿ ನಡೆದಿತ್ತು. ವ್ಯತ್ಯಾಸ ಕಂಡಿತು, ಬರೆದಿಟ್ಟರು, ಅದು ಹಾಗೇ ಉಳಿಯಿತು. ಎಲೆ ಹಾಕಿ, ಬಡಿಸದೆ ಎಬ್ಬಿಸಿದ ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆವು. ವಾರ್ಡಿನಲ್ಲಿ ಇದ್ದು ಬಂದವರನ್ನು, ಮನೆಯವರನ್ನು ನೋಡಿಕೊಂಡವರನ್ನು ಜೊತೆ ಸಂಶೋಧಕರಾಗಿ ಸೇರಿಸಿಕೊಂಡೆವು. ದುಡ್ಡಿನ ವಿಷಯಕ್ಕೇ ಎರಡು ತಿಂಗಳು ಹೋಯಿತು. ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರಿ ಸಹಾಯಧನ ಪಡೆಯುವವರ ಸಂಪಾದನೆ ಹೆಚ್ಚಿದಂತೆ ಅದು ಇಳಿಯುತ್ತದೆ. ನಾವು ಕೊಡುವ ಹಣದಿಂದ ಅವರಿಗೆ ನಷ್ಟವೇ ಆದರೆ? ಒಬ್ಬೊಬ್ಬರ ಜೊತೆ ಕೂತು ಲೆಕ್ಕ ಹಾಕಿದೆವು. ಸೂಪರ್‌ಮಾರ್ಕೆಟ್ ವೋಚರ್ ಕೊಟ್ಟರೆ ಸಾಕು ಅಂತ ಕೆಲವರು ಸಲಹೆ ಕೊಟ್ಟರು. ನನಗೆ ಅದು ಅವಮಾನ ಅನ್ನಿಸುತ್ತದೆ. ನನಗೆ ಸಂಬಳ, ಅವರಿಗೆ ವೋಚರ್ ಯಾಕೆ?

ನನ್ನ ಮೊದಲ ಪ್ರಶ್ನೆಯನ್ನು ಜೊತೆ ಸಂಶೋಧಕರೊಬ್ಬರು ಅವತ್ತೇ ಹೊಡೆದುಹಾಕಿದರು. 'ತಡ ಮಾಡಿದ್ದು ಏಕೆ ಅಂದರೆ, ತಪ್ಪು ನಂದೇ ಅಂತ ಮೊದಲೇ ತೀರ್ಮಾನ ಮಾಡಿದ್ದೀಯ ಅಲ್ವಾ?' ಅದರ ಜಾಗದಲ್ಲಿ ಅವರು ಬರೆದದ್ದು: ಯಾವ ಬಾಗಿಲಿಂದ ಒಳಗೆ ಬಂದ್ರಿ?

ಆಮೇಲೆ ಜನ ಮಾತಾಡಿದರು. ತುಂಬಾ ಜನ ಬಂದದ್ದು ಜಿಪಿ ಅನ್ನುವ ಊರಿನ ಮಾಮೂಲಿ ಡಾಕ್ಟರ ಬಾಗಿಲಿಂದ ಅಲ್ಲ, ಪೊಲೀಸ್ ವ್ಯಾನಿನ ಬಾಗಿಲಿಂದ. ಮನಸ್ಸು ಸರಿಯಿಲ್ಲ ಅನ್ನಿಸಿದವರನ್ನು ಸಾರ್ವಜನಿಕ ಜಾಗದಿಂದ ಕರೆದೊಯ್ಯಲು ಪೊಲೀಸರಿಗೆ ಅದೇ ಕಾಯ್ದೆಯ 136ನೇ ಸೆಕ್ಷನ್ ಇದೆ. ಕೆಲವರು ಅದಕ್ಕೂ ಮೊದಲು ಡಾಕ್ಟರ ಹತ್ತಿರ ಎರಡು ಮೂರು ಸಲ ಹೋಗಿ, ನಿದ್ದೆ ಮಾತ್ರೆ ಹಿಡಿದು ವಾಪಸಾದವರು. ಹೋಗದೇ ಇದ್ದವರು ಹೆದರಿದ್ದರು. ಆಸ್ಪತ್ರೆಯಲ್ಲಿ ಸತ್ತ ಕಪ್ಪು ರೋಗಿಗಳ ಹೆಸರುಗಳನ್ನು ಅವರೇ ಹೇಳಿದರು. ಡೇವಿಡ್ ಬೆನೆಟ್, 1998ರಲ್ಲಿ ಸಿಬ್ಬಂದಿ ನೆಲಕ್ಕೆ ಕವುಚಿ ಒತ್ತಿ ಹಿಡಿದಿದ್ದಾಗ ಸತ್ತರು. ಸೆನಿ ಲೂಯಿಸ್, 2010ರಲ್ಲಿ ಪೊಲೀಸರು ಹಿಡಿದು ಒತ್ತಿದ ಮೇಲೆ ತೀರಿಕೊಂಡರು, ಆಗ 23 ವರ್ಷ. ಅವರ ಹೆಸರಲ್ಲೇ 'ಸೆನಿ ಕಾಯ್ದೆ' ಅಂತ ಕರೆಯುವ, ಮಾನಸಿಕ ಆರೋಗ್ಯದ ವಾರ್ಡುಗಳಲ್ಲಿ ಬಲಪ್ರಯೋಗಕ್ಕೆ ಕಡಿವಾಣ ಹಾಕುವ ಕಾನೂನು 2018ರಲ್ಲಿ ಬಂತು. ಈ ಭಯಕ್ಕೆ ನಾವು 'ಅರಿವಿನ ಕೊರತೆ' ಅಂತ ಹೆಸರಿಟ್ಟಿದ್ದೆವು!

ನನಗೆ ಜಾಸ್ತಿ ಕಷ್ಟವಾದದ್ದು ಬರೆದಿಟ್ಟ ಮಾತುಕತೆಗಳನ್ನು ಒಟ್ಟಿಗೆ ಕೂತು ಓದುವಾಗ. ಒಂದು ಕಡೆ ಒಬ್ಬರು ವಾರ್ಡಿನಲ್ಲಿ ಕೂಗಾಡಿದ್ದನ್ನು ಹೇಳಿದ್ದರು. ನಾನು ಪಕ್ಕದಲ್ಲಿ 'ಆಕ್ರಮಣಕಾರಿ' ಅಂತ ಗುರುತು ಹಾಕಿದ್ದೆ. ಜೊತೆಯವರು ಅದೇ ಸಾಲಿಗೆ ಬೆರಳಿಟ್ಟರು. 'ಅಮ್ಮನಿಗೆ ಫೋನ್ ಮಾಡಬೇಕು ಅಂತ ಮೂರು ಸಲ ಕೇಳಿದ್ದಾನೆ. ಕೂಗಿದ್ದು ನಾಲ್ಕನೇ ಸಲ.' ಇದೇ ಪದವನ್ನು ನಾನು ಪಾಳಿ ಬದಲಾಗುವಾಗ ಬರೆದುಕೊಡುವ ಹ್ಯಾಂಡೋವರ್ ಹಾಳೆಯಲ್ಲಿ ಎಷ್ಟು ಸಲ ಬರೆದಿದ್ದೇನೋ. ನಮ್ಮ ಮನೆಯಲ್ಲಿ ಮದುವೆ ಖರ್ಚಿನ ಮಾತು ನಡೆಯುವ ದನಿ ಕೇಳಿದರೆ ಲಂಡನ್ನಿನ ಅಕ್ಕಪಕ್ಕದವರು ಪೊಲೀಸರನ್ನೇ ಕರೆಯುತ್ತಾರೆ. ನನ್ನದೂ ಕಂದು ಬಣ್ಣ, ಇವರ ಕಷ್ಟ ನನಗೆ ತಾನಾಗೇ ತಿಳಿಯುತ್ತೆ ಅಂದುಕೊಂಡಿದ್ದೆ. ಹೆಣ್ಣು ನೋಡಿ ಬಂದು 'ಎಲ್ಲಾ ಸರಿ, ಬಣ್ಣ ಸ್ವಲ್ಪ ಕಮ್ಮಿ' ಅನ್ನುವವರ ನಡುವೆ ಬೆಳೆದವಳು ನಾನು. ಅದು ಮರೆತೇಹೋಗಿತ್ತು.

ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಇಂಗ್ಲೆಂಡಿನ ಮಾನಸಿಕ ಆರೋಗ್ಯ ಟ್ರಸ್ಟುಗಳಿಗೆಲ್ಲ ಈಗ 'ಪಿಸಿಆರ್‌ಇಎಫ್' ಅನ್ನುವ, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರ ಜನಾಂಗೀಯ ಸಮಾನತೆಯ ಚೌಕಟ್ಟು ಇದೆ. ಮನೋವೈದ್ಯ ಸೈಮನ್ ವೆಸ್ಲಿ ಅಧ್ಯಕ್ಷತೆಯಲ್ಲಿ ಕಾಯ್ದೆಯ ಮರುಪರಿಶೀಲನೆ ನಡೆದಾಗ, 2018ರಲ್ಲಿ ಬಂದ ಶಿಫಾರಸು ಅದು. ರೋಗಿಗಳ, ಮನೆಯವರ ಮಾತಿಗೆ ಟ್ರಸ್ಟು ಉತ್ತರ ಕೊಡಬೇಕು ಅನ್ನುವುದು ಅದರ ತಿರುಳು. ನಮ್ಮ ವರದಿಯೂ ಆ ದಾರಿಯಲ್ಲೇ ಹೋಯಿತು. ಆದರೆ ಮೊದಲು ಓದಿ ಹೇಳಿದ್ದು ಅದೇ ಚರ್ಚಿನ ಹಾಲಿನಲ್ಲಿ. ಒಬ್ಬರ ಕಥೆ ಓಣಿಯವರಿಗೆ ಗುರುತು ಸಿಗುತ್ತದೆ ಅಂತ ಅಲ್ಲಿದ್ದವರು ಅಂದರು. ತೆಗೆದೆವು. ನನಗೆ ತುಂಬಾ ಇಷ್ಟವಾಗಿದ್ದ ಪುಟ ಅದು.

ಅಜ್ಜಿ ತಮ್ಮ ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. 'ಆರು ತಿಂಗಳು ಬಿಟ್ಟು ಬಾ. ಏನು ಬದಲಾಯಿತು ಹೇಳು' ಅಂದರು.

ಹೋದೆ. ನಮ್ಮ ವಾರ್ಡಿನ ಹ್ಯಾಂಡೋವರ್‌ನಲ್ಲಿ ಈಗ 'ಆಕ್ರಮಣಕಾರಿ' ಅಂತಷ್ಟೇ ಬರೆಯುವ ಹಾಗಿಲ್ಲ, ಏನಾಯಿತು, ಅದಕ್ಕೆ ಮುಂಚೆ ಏನಾಗಿತ್ತು ಅಂತ ಬರೆಯಬೇಕು ಅಂದೆ. ಪೊಲೀಸ್ ವ್ಯಾನ್ ಬಗ್ಗೆ ಕೇಳಿದರು. ಅದು ಇನ್ನೂ ಹಾಗೇ ಇದೆ ಅಂದೆ. 'ಸರಿ, ಚಹಾ ಕುಡಿ' ಅಂತ ಹೇಳಿ, ಮುಂದಿನ ತಾರೀಕು ಕೇಳಿದರು.