ಹೀಟಿಂಗ್ ಹಾಕುವ ದಿನ: ಬರ್ಮಿಂಗ್‌ಹ್ಯಾಮ್ ಮನೆಯೊಂದರ ಲೆಕ್ಕ

ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಕಚೇರಿಯಲ್ಲಿ, ಶಾಲೆಯ ಗೇಟಿನ ಮುಂದೆ, ಕನ್ನಡ ಬಳಗದ ಊಟದ ಸಾಲಿನಲ್ಲಿ ಒಂದೇ ಪ್ರಶ್ನೆ: "ನಿಮ್ಮ ಮನೆಯಲ್ಲಿ ಹೀಟಿಂಗ್ ಹಾಕಿದಿರಾ?" ಇನ್ನೂ ಹಾಕಿಲ್ಲ ಎನ್ನುವವರ ದನಿಯಲ್ಲಿ ಹೆಮ್ಮೆ ಇರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವವರೆಗೂ ನೀರು ಕಾಯಿಸಿ ಕೋಣೆಗಳ ರೇಡಿಯೇಟರುಗಳಿಗೆ ಕಳುಹಿಸುವ ಗ್ಯಾಸ್ ಬಾಯ್ಲರ್ ಮುಟ್ಟುವುದಿಲ್ಲ ಎಂದು ಪಣ ತೊಟ್ಟವರಿದ್ದಾರೆ. ರಾಜ್ಯೋತ್ಸವದ ತನಕ ತಡೆದುಕೊಳ್ಳುವವರೂ ಇದ್ದಾರೆ. ನಾನು ತಾರೀಖು ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಮನೆಯೊಳಗಿನ ಉಷ್ಣತೆ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂದು ನೋಡಿ ತೀರ್ಮಾನಿಸುತ್ತೇನೆ. ಎರಡನ್ನೂ ತೋರಿಸುವ ಅಂಗೈಯಗಲದ ಮಾಪಕ ಹತ್ತು ಪೌಂಡಿನ ಒಳಗೇ ಸಿಗುತ್ತದೆ. ಅದನ್ನು ಕಿಟಕಿ, ರೇಡಿಯೇಟರ್ ಎರಡರಿಂದಲೂ ದೂರ, ಒಳಗೋಡೆಯ ಪಕ್ಕದ ಕಪಾಟಿನ ಮೇಲೆ ಇಟ್ಟಿದ್ದೇನೆ.

ಇಲ್ಲಿ ಕಟ್ಟಡಗಳ ಹೀಟಿಂಗ್ ಲೆಕ್ಕ ಹಾಕುವವರು ಹೊರಗಿನ ಸರಾಸರಿ ಉಷ್ಣತೆ 15.5 ಡಿಗ್ರಿ ಎಂಬುದನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಅಡುಗೆಯ ಬಿಸಿ, ಫ್ರಿಜ್ಜಿನ ಬಿಸಿ, ಮನೆಮಂದಿಯ ಮೈಬಿಸಿ, ಕಿಟಕಿಯಿಂದ ಬೀಳುವ ಬಿಸಿಲು ಎಲ್ಲ ಸೇರಿ ಮನೆಯನ್ನು ಹೊರಗಿಗಿಂತ ಒಂದೆರಡು ಮೂರು ಡಿಗ್ರಿ ಬೆಚ್ಚಗಿಡುತ್ತವೆ. ಹೊರಗಿನ ಸರಾಸರಿ ಆ ಗಡಿಯಿಂದ ಕೆಳಗಿಳಿದಾಗ ಮನೆ ತನ್ನಷ್ಟಕ್ಕೆ ತಾನು 18 ಡಿಗ್ರಿಯಲ್ಲಿ ನಿಲ್ಲಲಾರದು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಏಳುವಾಗ ಮಾಪಕ ಸತತವಾಗಿ 18ಕ್ಕಿಂತ ಕೆಳಗೆ ತೋರಿಸತೊಡಗಿತೆಂದರೆ, ತಾರೀಖು ಏನೇ ಇರಲಿ, ನಾನು ಹೀಟಿಂಗ್ ಹಾಕುತ್ತೇನೆ. ಒಮ್ಮೆ ಹಾಕಿದರೆ ಮಾರ್ಚ್‌ವರೆಗೆ ಆರಿಸುವಂತಿಲ್ಲ ಎಂದೇನೂ ಇಲ್ಲ. ಒಂದು ಥಂಡಿ ಸಂಜೆ ಒಂದು ಗಂಟೆ ಹಾಕಿ, ಮಾರನೆಯ ದಿನ ಬಿಸಿಲು ಬಂದರೆ ಸುಮ್ಮನಿರಬಹುದು.

ತೇವದ ವಿಷಯಕ್ಕೆ ನಾನು ಇನ್ನೂ ಹೆಚ್ಚು ಬೆಲೆ ಕೊಡುತ್ತೇನೆ. ಮಲೆನಾಡಿನಲ್ಲಿ ಬೆಳೆದವನಿಗೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ ಹೊಸದಲ್ಲ. ಆದರೆ ನಮ್ಮ ಹೆಂಚಿನ ಮನೆಗಳಲ್ಲಿ ಗಾಳಿ ಆಡುತ್ತಿತ್ತು, ಬಚ್ಚಲೊಲೆ ಉರಿಯುತ್ತಿತ್ತು. ಇಲ್ಲಿ ಕಿಟಕಿಗಳೆಲ್ಲ ಬಿಗಿ. ಕುಕ್ಕರಿನ ಆವಿ, ಸ್ನಾನದ ಆವಿ, ಒಳಗೇ ಹರವಿದ ಬಟ್ಟೆಯಿಂದ ಹೊರಬರುವ ಒಂದೆರಡು ಲೀಟರ್ ನೀರು, ಎಲ್ಲವೂ ತಣ್ಣಗಿನ ಗೋಡೆ ಹುಡುಕಿಕೊಂಡು ಹೋಗಿ ಹನಿಯಾಗುತ್ತವೆ. 1930ರ ದಶಕದಲ್ಲಿ ಕಟ್ಟಿದ ನಮ್ಮ ಮನೆಯಲ್ಲಿ ಅದು ಮೊದಲು ಕಾಣುವುದು ಉತ್ತರದ ಕೋಣೆಯ ಬೀರುವಿನ ಹಿಂದೆ. ಅಲ್ಲಿ ಕೈಯಿಟ್ಟರೆ ಗೋಡೆಯ ಸುಣ್ಣ ತಣ್ಣಗೆ, ಅಂಟಂಟಾಗಿರುತ್ತದೆ. ಇನ್ನೂ ಕೆಲವು ವಾರ ಬಿಟ್ಟರೆ ಮೂಲೆಯಿಂದ ಕಪ್ಪು ಚುಕ್ಕೆಗಳ ಬೂಷ್ಟು ಹಬ್ಬುತ್ತದೆ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಟ್ಟಿದ್ದೇನೆ. ಮಾಪಕದಲ್ಲಿ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ, ಒಳಗೆ 18 ಡಿಗ್ರಿ ಇದ್ದರೂ ಬೆಳಿಗ್ಗೆ ಸ್ವಲ್ಪ ಹೊತ್ತು ಹೀಟಿಂಗ್ ಹಾಕಿ, ಆಮೇಲೆ ಎದುರುಬದುರಿನ ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದಿಡುತ್ತೇನೆ. ಬಿಸಿಯಾದ ಗಾಳಿಯನ್ನು ಹೊರಗೆ ಬಿಡುವುದು ದಂಡ ಎಂದು ಹಲವರು ಹೇಳುತ್ತಾರೆ. ಗಾಳಿ ಬದಲಾದರೂ ಗೋಡೆ, ಪೀಠೋಪಕರಣಗಳಲ್ಲಿನ ಬಿಸಿ ಅಷ್ಟು ಬೇಗ ಹೋಗುವುದಿಲ್ಲ. ತೇವ ಮಾತ್ರ ಹೊರಗೆ ಹೋಗುತ್ತದೆ.

ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಈ 18ರ ಲೆಕ್ಕವನ್ನೂ ಬದಿಗಿಟ್ಟೆ. "ಮನೆಯೊಳಗೂ ಕಾಲುಚೀಲ, ಶಾಲು ಎಲ್ಲ ಬೇಕೇನಪ್ಪಾ?" ಎಂದು ಅವರು ಕೇಳಿದ ದಿನವೇ ಅವರ ಕೋಣೆಯನ್ನು 21 ಡಿಗ್ರಿಗೆ ಏರಿಸಿದೆ. ವಯಸ್ಸಾದವರು, ಹಸುಗೂಸುಗಳು, ಉಬ್ಬಸವಿರುವವರು ಇರುವ ಮನೆಯಲ್ಲಿ ಚಳಿ ತಡೆದುಕೊಂಡು ಉಳಿಸುವ ಹಣದ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಉಳಿಸುವ ದಾರಿಗಳು ಬೇರೆ ಇವೆ.

ಅದರಲ್ಲಿ ದೊಡ್ಡದು ಬಾಯ್ಲರಿನ ನೀರಿನ ಬಿಸಿ. ರೇಡಿಯೇಟರುಗಳಿಗೆ ಹೋಗುವ ನೀರನ್ನು ಬಹಳಷ್ಟು ಮನೆಗಳಲ್ಲಿ 75 ಡಿಗ್ರಿಗೋ 80ಕ್ಕೋ ಇಟ್ಟು ಹೋಗಿರುತ್ತಾರೆ. 2005ರಿಂದ ಈಚೆಗೆ ಇಲ್ಲಿ ಹಾಕುವ ಬಾಯ್ಲರುಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯವು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ, ಅದರ ಶಾಖವನ್ನೂ ಹಿಡಿದುಕೊಳ್ಳುವುದು ಇವುಗಳ ಕೆಲಸ. ಮನೆ ಸುತ್ತಿ ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರಷ್ಟೇ ಅದು ಸಾಧ್ಯ. ಹಾಗಾಗಿ ಅಕ್ಟೋಬರ್‌ನಲ್ಲಿ ನಾನು ರೇಡಿಯೇಟರುಗಳಿಗೆ ಹೋಗುವ ನೀರನ್ನು 55ಕ್ಕೆ ಇಡುತ್ತೇನೆ, ಜನವರಿಯ ಕೊರೆಯುವ ಚಳಿಗೆ 60ಕ್ಕೆ ಏರಿಸುತ್ತೇನೆ. ರೇಡಿಯೇಟರ್ ಮುಟ್ಟಿದರೆ ಕೈ ಸುಡುವುದಿಲ್ಲ, ಕೋಣೆ ಬೆಚ್ಚಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಏಳುವುದಕ್ಕಿಂತ ಅರ್ಧ ಗಂಟೆ ಮುಂಚೆ ಶುರುವಾಗುವಂತೆ ಟೈಮರ್ ಇಟ್ಟರೆ ಆಯಿತು. ಒಂದು ಎಚ್ಚರಿಕೆ: ಇದು ನಲ್ಲಿ ತಿರುಗಿಸಿದಾಗ ಮಾತ್ರ ನೀರು ಕಾಯಿಸುವ ಕಾಂಬಿ ಬಾಯ್ಲರಿನ ಮಾತು. ಬಿಸಿನೀರು ತುಂಬಿಡುವ ಸಿಲಿಂಡರ್ ಇರುವ ಮನೆಯಲ್ಲಿ ಸಿಲಿಂಡರಿನ ನೀರನ್ನು 60 ಡಿಗ್ರಿಗಿಂತ ಕೆಳಗೆ ಇಡಬಾರದು, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಆಗಸ್ಟ್ ಕೊನೆಯಲ್ಲೇ ಒಮ್ಮೆ ಕಾಲು ಗಂಟೆ ಹೀಟಿಂಗ್ ಹಾಕಿ ಪರೀಕ್ಷಿಸುವುದು ಒಳ್ಳೆಯದು. ಮೇಲ್ಭಾಗ ತಣ್ಣಗೇ ಉಳಿದ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಹೀಟಿಂಗ್ ಆರಿಸಿ, ತಣಿದ ಮೇಲೆ, ಕೆಳಗೊಂದು ಬಟ್ಟೆ ಹಿಡಿದು ಚಿಕ್ಕ ಕೀಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಹೋಗಿ ನೀರು ಜಿನುಗುತ್ತದೆ, ತಕ್ಷಣ ಮುಚ್ಚಬೇಕು. ಬಾಯ್ಲರೇ ಕೆಟ್ಟಿದ್ದರೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಬೇಕು. ನವೆಂಬರಿನಲ್ಲಿ ಅವರು ಸಿಗುವುದು ಕಷ್ಟ. ಕಿಟಕಿಯ ಕೆಳಗಿನ ರೇಡಿಯೇಟರನ್ನು ಉದ್ದನೆಯ ಪರದೆ ಮುಚ್ಚಿದರೆ ಬಿಸಿಯೆಲ್ಲ ಗಾಜಿಗೇ ಹೋಗುತ್ತದೆ. ನಮ್ಮ ಪರದೆಗಳ ಅಂಚನ್ನು ಕಿಟಕಿಯ ಹಲಗೆಯವರೆಗೆ ಮಡಚಿ ಹೊಲಿಸಿದ್ದೇನೆ.

ಈಗ ಬಿಲ್ಲು. ಆಫ್‌ಜೆಮ್ ಎಂಬ ನಿಯಂತ್ರಕ ಸಂಸ್ಥೆ ಗ್ಯಾಸ್, ವಿದ್ಯುತ್ತಿಗೆ ನಿಗದಿಪಡಿಸುವ ದರಮಿತಿ 2019ರಿಂದ ಜಾರಿಯಲ್ಲಿದೆ. 2022ರ ಅಕ್ಟೋಬರಿನಿಂದ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಸುದ್ದಿಯಲ್ಲಿ ಬರುವ ವರ್ಷದ ಮೊತ್ತ ಸರಾಸರಿ ಬಳಕೆಯ ಮನೆಗೆ ಸಂಬಂಧಿಸಿದ್ದು. ಮಿತಿ ಇರುವುದು ಯೂನಿಟ್ (ಕಿಲೋವಾಟ್-ಗಂಟೆ) ದರಕ್ಕೆ ಮತ್ತು ಪ್ರತಿದಿನದ ನಿಗದಿತ ಶುಲ್ಕಕ್ಕೆ. ಹೆಚ್ಚು ಬಳಸಿದರೆ ಹೆಚ್ಚು ಕಟ್ಟಲೇಬೇಕು. ಗ್ಯಾಸ್ ಮೀಟರ್ ತೋರಿಸುವುದು ಘನ ಮೀಟರ್. ಒಂದು ಘನ ಮೀಟರ್ ಎಂದರೆ ಸುಮಾರು 11 ಯೂನಿಟ್. ಭಾನುವಾರ ಬೆಳಿಗ್ಗೆ ಮೀಟರ್ ಓದಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಜುಲೈ ತಿಂಗಳ ಬಳಕೆ ಅಡುಗೆ ಮತ್ತು ಸ್ನಾನದ್ದು ಮಾತ್ರ. ಚಳಿಗಾಲದ ವಾರದಿಂದ ಅದನ್ನು ಕಳೆದರೆ ಹೀಟಿಂಗಿಗೆ ಎಷ್ಟು ಹೋಯಿತೆಂದು ನಿಚ್ಚಳವಾಗಿ ಗೊತ್ತಾಗುತ್ತದೆ. ಬಾಯ್ಲರಿನ ಬಿಸಿ ಇಳಿಸಿದ್ದು, ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪಕ್ಕೆ ನಿರೋಧಕ ಹಾಸಿದ್ದು ನಿಜವಾಗಿ ಫಲ ಕೊಟ್ಟಿದೆಯೇ ಎಂದು ನಾನು ನಂಬುವುದು ಆ ಪುಸ್ತಕ ನೋಡಿಯೇ.

ಕರೆಂಟಿನ ಹೀಟರ್ ಅಗ್ಗ ಎಂದು ನಂಬಿದವರಿಗೆ 2022ರ ಚಳಿಗಾಲದ ಲೆಕ್ಕ ತೋರಿಸುತ್ತೇನೆ. ಸರ್ಕಾರದ ಖಾತರಿ ದರದಲ್ಲಿ ವಿದ್ಯುತ್ ಯೂನಿಟ್‌ಗೆ ಸರಾಸರಿ 34 ಪೆನ್ಸ್, ಗ್ಯಾಸ್ 10.3 ಪೆನ್ಸ್ ಇತ್ತು. ಎರಡು ಕಿಲೋವಾಟ್ ಹೀಟರ್ ಒಂದು ಗಂಟೆ ಉರಿದರೆ 68 ಪೆನ್ಸ್. ಅದೇ ಹಣಕ್ಕೆ ಗ್ಯಾಸಿನಲ್ಲಿ ಆರೂವರೆ ಯೂನಿಟ್ ಸಿಗುತ್ತಿತ್ತು. ಬಾಯ್ಲರಿನಲ್ಲಿ ನಷ್ಟವಾಗುವುದನ್ನು ಬಿಟ್ಟರೂ ಎರಡೂವರೆ ಪಟ್ಟು ಹೆಚ್ಚು ಬಿಸಿ. ದಿನವಿಡೀ ಒಬ್ಬರೇ ಕುಳಿತು ಮನೆಯಿಂದ ಕೆಲಸ ಮಾಡುವುದಾದರೆ ನೂರು ವಾಟಿನ ವಿದ್ಯುತ್ ಹೊದಿಕೆ ಮೇಲು, ಹತ್ತು ಗಂಟೆಗೆ ಒಂದೇ ಯೂನಿಟ್.

ಹಣ ಕಟ್ಟುವುದಕ್ಕೆ ನಾನು ವರ್ಷವಿಡೀ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವ ಸಮ ಕಂತಿನ ಡೈರೆಕ್ಟ್ ಡೆಬಿಟ್ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಖಾತೆಯಲ್ಲಿ ಹಣ ಉಳಿದು, ಚಳಿಗಾಲ ಅದನ್ನು ತಿನ್ನುತ್ತದೆ. ಅಕ್ಟೋಬರ್ ಹೊತ್ತಿಗೆ ಅಲ್ಲಿ ಎರಡು ತಿಂಗಳ ಕಂತಿನಷ್ಟು ಕೂಡ ಜಮೆ ಇಲ್ಲದಿದ್ದರೆ ನಾನೇ ಕಂತು ಏರಿಸಲು ಹೇಳುತ್ತೇನೆ. ಫೆಬ್ರವರಿಯಲ್ಲಿ ಒಮ್ಮೆಲೇ ಬಾಕಿ ಬಿದ್ದರೆ ಸಂಸಾರಕ್ಕೆ ಕಷ್ಟ. ಬಳಕೆಯ ಲೆಕ್ಕವನ್ನು ಕಂಪನಿಗೆ ತಾನಾಗಿಯೇ ಕಳುಹಿಸುವ ಸ್ಮಾರ್ಟ್ ಮೀಟರ್ ಇಲ್ಲದವರು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನಕ್ಕೆ ಆದಷ್ಟು ಹತ್ತಿರ ಮೀಟರ್ ಓದಿ ಕಳುಹಿಸಬೇಕು. ಹಾಗೆ ಮಾಡದಿದ್ದರೆ ಹಳೆಯ ದರದಲ್ಲಿ ಬಳಸಿದ್ದೆಷ್ಟು, ಹೊಸ ದರದಲ್ಲಿ ಬಳಸಿದ್ದೆಷ್ಟು ಎಂಬುದನ್ನು ಕಂಪನಿ ಅಂದಾಜಿನ ಮೇಲೆ ಹಂಚುತ್ತದೆ.